ಸಿಬಿ ಆ್ಯಂಟೆನಾಕ್ಕೆ ವಾಹನದಲ್ಲಿ ಯಾವ ಜಾಗ?

ಕಾಡುದಾರಿ, ಕಲ್ಲುದಾರಿಗಳಲ್ಲಿ ತಂಡವಾಗಿ ವಾಹನ ಓಡಿಸುವ ಓದುಗರಿಂದ ವಾಹನದಿಂದ ವಾಹನಕ್ಕೆ ಮಾತನಾಡಲು ಬಳಸುವ ಸಿಬಿ (ಸಿಟಿಜನ್ಸ್ ಬ್ಯಾಂಡ್) ರೇಡಿಯೊ ಕುರಿತು ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಆ್ಯಂಟೆನಾವನ್ನು ಎಲ್ಲಿ ಕೂರಿಸಬೇಕು ಎಂಬುದನ್ನೇ ಕೇಳಿವೆ. ಯಾವ ಸೆಟ್ ಕೊಳ್ಳಬೇಕು ಎಂಬುದಕ್ಕಿಂತ ಇದು ಮುಖ್ಯವಾದ ಪ್ರಶ್ನೆ. ಸಿಬಿ ಸೆಟ್ಟುಗಳ ಪ್ರಸಾರ ಶಕ್ತಿ ಸಾಮಾನ್ಯವಾಗಿ 4 ವ್ಯಾಟ್‌ಗೆ ಸೀಮಿತವಾಗಿರುವುದರಿಂದ, ಮಾತು ಎಷ್ಟು ದೂರ ತಲುಪುತ್ತದೆ ಎಂಬ ವಿಷಯದಲ್ಲಿ ದುಬಾರಿ ಸೆಟ್ಟಿಗೂ ಅಗ್ಗದ ಸೆಟ್ಟಿಗೂ ದೊಡ್ಡ ಅಂತರವಿರುವುದಿಲ್ಲ. ಆ 4 ವ್ಯಾಟ್‌ನಲ್ಲಿ ಎಷ್ಟು ಭಾಗ ನಿಜವಾಗಿ ಅಲೆಯಾಗಿ ಹೊರಡುತ್ತದೆ, ಎಷ್ಟು ಭಾಗ ವ್ಯರ್ಥವಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಆ್ಯಂಟೆನಾ ಮತ್ತು ಅದು ನಿಂತ ಜಾಗ.

ಪ್ರಶ್ನೆ: ನನ್ನದು ಉಕ್ಕಿನ ಛಾವಣಿಯ ಫೋರ್ ವೀಲ್ ಡ್ರೈವ್ ವಾಹನ. ಸುಮಾರು 120 ಸೆಂಟಿಮೀಟರ್ ಉದ್ದದ ಫೈಬರ್‌ಗ್ಲಾಸ್ ಆ್ಯಂಟೆನಾ ಕೊಂಡಿದ್ದೇನೆ. ಒಬ್ಬರು ಛಾವಣಿಯ ನಟ್ಟನಡುವೆ ಎನ್ನುತ್ತಾರೆ, ಇನ್ನೊಬ್ಬರು ಹಿಂದಿನ ಸ್ಟೆಪ್ನಿಯ ಬ್ರಾಕೆಟ್ಟೇ ಸಾಕು ಎನ್ನುತ್ತಾರೆ, ಮೂರನೆಯವರು ಬಾನೆಟ್ಟಿನ ಪಕ್ಕವನ್ನು ತೋರಿಸುತ್ತಾರೆ. ನಾವು ಹೋಗುವ ದಾರಿಗಳಲ್ಲಿ ಕೊಂಬೆಗಳು ತಗ್ಗಾಗಿ ಚಾಚಿಕೊಂಡಿರುತ್ತವೆ. ತಾವು ಯಾವುದನ್ನು ಸೂಚಿಸುತ್ತೀರಿ?

ಉತ್ತರ: ನಿಮ್ಮ ದಾರಿಗಳನ್ನು ಗಮನದಲ್ಲಿಟ್ಟುಕೊಂಡು ಹೇಳುವುದಾದರೆ ಬಾನೆಟ್ಟಿನ ಪಕ್ಕವನ್ನು, ಅದರಲ್ಲೂ ಮುಂದಿನ ಗಾಜಿನ ಬುಡಕ್ಕೆ ಹತ್ತಿರವಾದ ಮೂಲೆಯನ್ನು ಸೂಚಿಸುತ್ತೇನೆ. ಆದರೆ ಕಾರಣ ತಿಳಿಯದೆ ಜಾಗವನ್ನಷ್ಟೇ ಒಪ್ಪಿಕೊಂಡರೆ ಮುಂದೆ ವಾಹನ ಬದಲಾದಾಗ ಅಥವಾ ಛಾವಣಿಗೆ ಕ್ಯಾರಿಯರ್ ಏರಿಸಿದಾಗ ಇದೇ ಗೊಂದಲ ಮರಳಿ ಬರುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಸಿಬಿಯ 40 ಚಾನೆಲ್‌ಗಳು 26.965 ಮೆಗಾಹರ್ಟ್ಸ್‌ನಿಂದ 27.405 ಮೆಗಾಹರ್ಟ್ಸ್‌ವರೆಗೆ ಹರಡಿಕೊಂಡಿವೆ. ಈ ಅಲೆಗಳ ಉದ್ದ ಸುಮಾರು 11 ಮೀಟರ್. ವಾಹನದ ಮೇಲೆ ನಿಲ್ಲಿಸುವ ಕಡ್ಡಿ ಆ್ಯಂಟೆನಾ ಅದರ ಕಾಲುಭಾಗದಷ್ಟು, ಎಂದರೆ ಸುಮಾರು 2.7 ಮೀಟರ್ ಇದ್ದರೆ ತಾನಾಗಿಯೇ ಅಲೆಗೆ ಹೊಂದಿಕೊಳ್ಳುತ್ತದೆ. ಅಷ್ಟುದ್ದದ ಕಡ್ಡಿಯನ್ನು ಹೊತ್ತು ಕಾಡಿನಲ್ಲಿ ನುಗ್ಗುವುದು ಕಷ್ಟವಾದ್ದರಿಂದ ತಯಾರಕರು ತಂತಿಯನ್ನು ಸುರುಳಿಯಾಗಿ ಸುತ್ತಿ, ನಿಮ್ಮಲ್ಲಿರುವಂತೆ 120 ಸೆಂಟಿಮೀಟರಿಗೆ ಅಥವಾ ಇನ್ನೂ ಕಡಿಮೆಗೆ ಇಳಿಸುತ್ತಾರೆ. ಗಿಡ್ಡವಾದಷ್ಟೂ ದಕ್ಷತೆ ಕುಗ್ಗುತ್ತದೆ, ಜಾಗದ ಆಯ್ಕೆಯಲ್ಲಿ ತೋರಬೇಕಾದ ಎಚ್ಚರ ಹೆಚ್ಚುತ್ತದೆ.

ಉದ್ದವಿರಲಿ, ಗಿಡ್ಡವಿರಲಿ, ಈ ಕಡ್ಡಿ ಆ್ಯಂಟೆನಾದ ಅರ್ಧಭಾಗ ಮಾತ್ರ. ಉಳಿದರ್ಧ ವಾಹನದ ಲೋಹದ ಮೈ. ಒಂದೇ ಕೈಯಿಂದ ಚಪ್ಪಾಳೆಯಾಗದು. ಕಡ್ಡಿಯಲ್ಲಿ ಹರಿಯುವ ವಿದ್ಯುತ್ತಿಗೆ ಸರಿಜೋಡಿಯಾಗಿ ಬುಡದ ಸುತ್ತಲಿನ ಲೋಹದಲ್ಲಿಯೂ ವಿದ್ಯುತ್ ಹರಿಯಬೇಕು. ಇದನ್ನೇ ಗ್ರೌಂಡ್ ಪ್ಲೇನ್ ಎನ್ನುತ್ತಾರೆ. ಬುಡದ ಸುತ್ತ ಲೋಹ ಎಲ್ಲ ದಿಕ್ಕಿಗೂ ಸಮನಾಗಿ ಹರಡಿಕೊಂಡಿದ್ದರೆ ಅಲೆಯೂ ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಸಮನಾಗಿ ಹೋಗುತ್ತದೆ. ಲೋಹ ಒಂದು ಕಡೆಗಷ್ಟೇ ಇದ್ದರೆ ಆ ಕಡೆಗೆ ಬಲ ಹೆಚ್ಚು, ಉಳಿದ ಕಡೆಗೆ ಕಡಿಮೆ. ಛಾವಣಿಯ ನಡುಭಾಗವನ್ನು ಎಲ್ಲರೂ ಹೊಗಳುವುದಕ್ಕೆ ಕಾರಣ ಇದೇ: ಅಲ್ಲಿ ಸುತ್ತಲೂ ಲೋಹವಿದೆ, ಕಡ್ಡಿಗೆ ಅಡ್ಡವಾಗಿ ಏನೂ ಇಲ್ಲ, ಎತ್ತರವೂ ಸಿಗುತ್ತದೆ. ವಿದ್ಯುತ್ಕಾಂತೀಯ ಲೆಕ್ಕದಲ್ಲಿ ಅದಕ್ಕಿಂತ ಉತ್ತಮ ಸ್ಥಾನ ವಾಹನದ ಮೇಲೆ ಇಲ್ಲ.

ಆದರೆ ಆ ಸ್ಥಾನಕ್ಕೆ ತೆರಬೇಕಾದ ಬೆಲೆಯೂ ಇದೆ. ಛಾವಣಿಗೆ ರಂಧ್ರ ಕೊರೆಯಬೇಕು, ನೀರು ಸೋರದಂತೆ ಕಾಯಬೇಕು. ವಾಹನದ ಎತ್ತರ ಒಂದೇ ಸಲಕ್ಕೆ 120 ಸೆಂಟಿಮೀಟರ್ ಹೆಚ್ಚಿ, ನೀವು ಬರೆದಿರುವಂಥ ತಗ್ಗು ಕೊಂಬೆಗಳು ಪದೇ ಪದೇ ಕಡ್ಡಿಗೆ ಬಡಿಯುತ್ತವೆ. ಫೈಬರ್‌ಗ್ಲಾಸ್ ಒಂದು ಮಿತಿಯವರೆಗೆ ಬಾಗುತ್ತದೆ, ಆಮೇಲೆ ಸೀಳುತ್ತದೆ. ಒಳಗಿನ ತಂತಿ ತುಂಡಾದರೆ ಹೊರಗಿನಿಂದ ಗೊತ್ತಾಗುವುದೂ ಇಲ್ಲ. ಬಯಲುಸೀಮೆಯಲ್ಲಿ, ಮರಳುಗಾಡಿನಲ್ಲಿ ಓಡಾಡುವವರಿಗೆ ನಾನು ಛಾವಣಿಯನ್ನೇ ಹೇಳುತ್ತಿದ್ದೆ. ನಿಮಗೆ ಹೇಳಲಾರೆ.

ಬಾನೆಟ್ಟಿನ ಪಕ್ಕದ ಮೂಲೆಯಲ್ಲಿ ಸುತ್ತಲಿನ ಲೋಹ, ಕೊಂಬೆಗಳಿಂದ ರಕ್ಷಣೆ ಎಂಬ ಎರಡೂ ಅಗತ್ಯಗಳು ಬಹುಮಟ್ಟಿಗೆ ಕೂಡಿ ಬರುತ್ತವೆ. ಬುಡದ ಸನಿಹದಲ್ಲಿಯೇ ಬಾನೆಟ್ಟಿನ ಅಗಲವಾದ ಲೋಹವಿರುತ್ತದೆ, ಮುಂದಿನ ಗಾಜು ಲೋಹವಲ್ಲದ್ದರಿಂದ ಕಡ್ಡಿಯ ಕೆಳಭಾಗಕ್ಕೆ ದೊಡ್ಡ ತಡೆಯಾಗುವುದಿಲ್ಲ, ಕಡ್ಡಿಯ ಮೇಲಿನ ಅರ್ಧದಷ್ಟು ಭಾಗ ಛಾವಣಿಯನ್ನು ದಾಟಿ ನಿಲ್ಲುತ್ತದೆ. ಕೊಂಬೆ ಬರುವುದು ಚಾಲಕನ ಕಣ್ಣಿಗೆ ಮೊದಲೇ ಕಾಣುತ್ತದೆ ಎಂಬುದು ಹಿಂಬದಿಯ ಯಾವ ಜಾಗಕ್ಕೂ ಇಲ್ಲದ ಅನುಕೂಲ. ಬ್ರಾಕೆಟ್ಟನ್ನು ಬಾನೆಟ್ಟಿನ ಮುಚ್ಚಳಕ್ಕೆ ಬಿಗಿಯಬೇಡಿ. ಮುಚ್ಚಳ ಕೀಲಿನ ಮೇಲೆ ನಿಂತಿರುವುದರಿಂದ ಮೈಯೊಂದಿಗೆ ಅದರ ವಿದ್ಯುತ್ ಸಂಪರ್ಕವನ್ನು ನಂಬಲಾಗದು. ಪಕ್ಕದ ಮಡ್‌ಗಾರ್ಡಿನ ಒಳ ಅಂಚಿನಲ್ಲಿ, ಮುಚ್ಚಳ ಎತ್ತಿದಾಗ ಕಾಣುವ ಬೋಲ್ಟುಗಳ ಸಾಲಿಗೆ ಬ್ರಾಕೆಟ್ಟನ್ನು ಸೇರಿಸಿ. ಹೊಸ ರಂಧ್ರದ ಅಗತ್ಯವೇ ಬೀಳದಿರಬಹುದು. ಈಚಿನ ಕೆಲವು ವಾಹನಗಳಲ್ಲಿ ಮಡ್‌ಗಾರ್ಡ್ ಪ್ಲಾಸ್ಟಿಕ್ಕಿನದಾಗಿರುತ್ತದೆ, ಆದ್ದರಿಂದ ಮೊದಲು ಅದನ್ನು ಪರೀಕ್ಷಿಸಿಕೊಳ್ಳಿ. ಚಾಲಕನ ನೋಟಕ್ಕೆ ಅಡ್ಡ ಬಾರದ ಬದಿಯನ್ನು ಆರಿಸಿಕೊಳ್ಳಿ. ಎಂಜಿನ್ನಿಗೆ ಹತ್ತಿರವಾದ್ದರಿಂದ ಪೆಟ್ರೋಲ್ ವಾಹನಗಳಲ್ಲಿ ಸ್ಪಾರ್ಕ್ ಪ್ಲಗ್ಗುಗಳ ಚಟಪಟ ಸದ್ದು ಸ್ವಲ್ಪ ಹೆಚ್ಚು ಕೇಳಿಸಬಹುದು. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲದ್ದರಿಂದ ಆ ತೊಂದರೆಯಿಲ್ಲ.

ಸ್ಟೆಪ್ನಿಯ ಬ್ರಾಕೆಟ್ಟು ಜನಪ್ರಿಯವಾಗಿರುವುದು ಅದನ್ನು ಜೋಡಿಸುವುದು ಸುಲಭ ಎಂಬ ಕಾರಣಕ್ಕೆ. ಅಲ್ಲಿ ಕಡ್ಡಿಯ ಕೆಳಭಾಗ ಹಿಂಬಾಗಿಲಿಗೆ ಮೈ ತಾಗಿಸಿಕೊಂಡಂತೆ ನಿಲ್ಲುತ್ತದೆ, ಲೋಹವೆಲ್ಲ ಒಂದೇ ಬದಿಗೆ ಉಳಿಯುತ್ತದೆ. ಅದನ್ನೇ ಆರಿಸಿಕೊಳ್ಳಬೇಕಾಗಿ ಬಂದರೆ ಬುಡವನ್ನು ಟಯರಿನ ಮೇಲಂಚಿನವರೆಗೆ ಎತ್ತುವ ಎತ್ತರದ ಬ್ರಾಕೆಟ್ ಬಳಸಿ. ಸುರುಳಿಯ ದಟ್ಟವಾದ ಸುತ್ತು ತುದಿಯಲ್ಲಿರುವ ಫೈಬರ್‌ಗ್ಲಾಸ್ ಕಡ್ಡಿ ಇಂಥ ಜಾಗವನ್ನು ಸ್ವಲ್ಪಮಟ್ಟಿಗೆ ಸಹಿಸಿಕೊಳ್ಳುತ್ತದೆ. ಆದರೆ ಸುರುಳಿ ಬುಡದಲ್ಲಿರುವ ಮಾದರಿಯನ್ನು ಮಾತ್ರ ಲೋಹದ ಗೋಡೆಯ ಪಕ್ಕದಲ್ಲಿ ನಿಲ್ಲಿಸಲೇಬಾರದು, ಏಕೆಂದರೆ ವಿದ್ಯುತ್ ಅತಿ ಹೆಚ್ಚು ಹರಿಯುವ ಭಾಗವೇ ಅಲ್ಲಿ ಮರೆಯಾಗಿಬಿಡುತ್ತದೆ. ಕಡ್ಡಿಯ ಮೂರರಲ್ಲಿ ಎರಡು ಭಾಗ ಛಾವಣಿಗಿಂತ ಮೇಲಿರಲಿ ಎಂದು ಅನುಭವಿಗಳು ಹೇಳುವುದನ್ನು ಗುರಿಯಾಗಿ ಇಟ್ಟುಕೊಳ್ಳಿ. ಅಷ್ಟು ಸಾಧ್ಯವಾಗದಿದ್ದರೂ ದಟ್ಟ ಸುತ್ತಿನ ಭಾಗವಾದರೂ ಛಾವಣಿಯನ್ನು ದಾಟಲೇಬೇಕು. ಬಂಪರಿನ ಮೇಲೆ ನಿಲ್ಲಿಸುವುದಾದರೆ 120 ಸೆಂಟಿಮೀಟರಿನ ಕಡ್ಡಿ ಬಹುಪಾಲು ವಾಹನದ ಬೆನ್ನಿನ ಹಿಂದೆ ಅಡಗಿಕೊಳ್ಳುತ್ತದೆ. ಬಂಪರ್ ಏನಿದ್ದರೂ ಪೂರ್ಣ ಉದ್ದದ ಉಕ್ಕಿನ ಕಡ್ಡಿಗೆ ತಕ್ಕ ಜಾಗ.

ದಿಕ್ಕಿನ ವಿಚಾರವನ್ನೂ ಹೇಳಬೇಕು. ಅಲೆ ಬಲವಾಗಿ ಹೋಗುವುದು ಆ್ಯಂಟೆನಾದಿಂದ ಹೆಚ್ಚು ಲೋಹವಿರುವ ಕಡೆಗೆ. ಹಿಂದಿನ ಎಡಮೂಲೆಯಲ್ಲಿ ನಿಲ್ಲಿಸಿದರೆ ಮುಂದಿನ ಬಲಮೂಲೆಯ ದಿಕ್ಕಿಗೆ ಬಲ ಹೆಚ್ಚು. ಮುಂದೆ ನಿಲ್ಲಿಸಿದರೆ ಹಿಂದಕ್ಕೆ ಹೆಚ್ಚು. ತಂಡದಲ್ಲಿ ಸಾಮಾನ್ಯವಾಗಿ ನೀವೇ ಮುಂದಾಳಾಗಿ ಹೋಗುವವರಾದರೆ ಜೊತೆಗಾರರೆಲ್ಲ ನಿಮ್ಮ ಹಿಂದಿರುತ್ತಾರೆ, ಬಾನೆಟ್ಟಿನ ಜಾಗ ನಿಮಗೆ ಅನುಕೂಲ. ಸಾಲಿನ ಕೊನೆಯಲ್ಲಿ ಕಾವಲಿನಂತೆ ಬರುವ ವಾಹನಕ್ಕೆ ಹಿಂದಿನ ಮೂಲೆಯೇ ಒಳ್ಳೆಯದು. ಒಂದೆರಡು ಕಿಲೋಮೀಟರಿನೊಳಗಿನ ಮಾತಿಗೆ ಈ ವ್ಯತ್ಯಾಸ ಲೆಕ್ಕಕ್ಕೆ ಬಾರದು. ಗುಡ್ಡದ ತಿರುವುಗಳಲ್ಲಿ ಸಾಲು ಚದುರಿ ದನಿ ಕ್ಷೀಣಿಸುತ್ತಿರುವಾಗ ಬಂದೇ ಬರುತ್ತದೆ.

ಪ್ರಶ್ನೆ: ಸ್ಟೆಪ್ನಿ ಹಿಡಿದುಕೊಳ್ಳುವ, ಬಾಗಿಲಿನಂತೆ ತೆರೆಯುವ ಕಬ್ಬಿಣದ ಚೌಕಟ್ಟಿಗೆ ಆ್ಯಂಟೆನಾ ಬಿಗಿದಿದ್ದೇನೆ. ಎಸ್‌ಡಬ್ಲ್ಯೂಆರ್ (ಆ್ಯಂಟೆನಾದಿಂದ ಶಕ್ತಿ ಎಷ್ಟು ಮರಳಿ ಬರುತ್ತದೆ ಎಂಬುದರ ಸೂಚಕ) ಮೀಟರ್ ಎಲ್ಲ ಚಾನೆಲ್‌ಗಳಲ್ಲಿಯೂ 3ಕ್ಕಿಂತ ಮೇಲೆ ತೋರಿಸುತ್ತದೆ. ಕಡ್ಡಿಯ ತುದಿಯನ್ನು ಸ್ವಲ್ಪ ಕತ್ತರಿಸಿದರೆ ಸರಿಹೋಗುತ್ತದೆ ಎಂದು ಕೆಲವರು ಹೇಳಿದ್ದಾರೆ. ಕತ್ತರಿಸಲೇ?

ಉತ್ತರ: ದಯವಿಟ್ಟು ಕತ್ತರಿಸಬೇಡಿ. ಕತ್ತರಿಸಿದ ತಂತಿಯನ್ನು ಮತ್ತೆ ಸೇರಿಸಲಾಗದು, ಮತ್ತು ನಿಮ್ಮ ತೊಂದರೆ ಕಡ್ಡಿಯ ಉದ್ದದ್ದಲ್ಲ. ಕಾರಣ ಸಿಗುವವರೆಗೆ ಮೈಕಿನ ಗುಂಡಿ ಒತ್ತಿ ಮಾತನಾಡುವುದನ್ನೂ ನಿಲ್ಲಿಸಿ. ಎಸ್‌ಡಬ್ಲ್ಯೂಆರ್ 1.5 ಇದ್ದಾಗ ಶೇಕಡ 4ರಷ್ಟು ಶಕ್ತಿ ಆ್ಯಂಟೆನಾದಿಂದ ಮರಳಿ ಸೆಟ್ಟಿನ ಕಡೆಗೆ ಬರುತ್ತದೆ, 2 ಇದ್ದಾಗ ಶೇಕಡ 11, 3ಕ್ಕೆ ಏರಿದಾಗ ಶೇಕಡ 25. ಅಂಥ ಸ್ಥಿತಿಯಲ್ಲಿ ಮಾತನಾಡುತ್ತಲೇ ಇದ್ದರೆ ಸೆಟ್ಟಿನೊಳಗಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಬಿಸಿಯಾಗಿ ಸುಟ್ಟುಹೋಗಬಹುದು.

ಉದ್ದದ ದೋಷವಾಗಿದ್ದರೆ ಮೀಟರ್ ಚಾನೆಲ್ 1ರಲ್ಲಿ ಒಂದು ರೀತಿ, ಚಾನೆಲ್ 40ರಲ್ಲಿ ಇನ್ನೊಂದು ರೀತಿ ತೋರಿಸುತ್ತಿತ್ತು. ಒಂದರಲ್ಲಿ ಹೆಚ್ಚು, ನಲವತ್ತರಲ್ಲಿ ಕಡಿಮೆ ಎಂದಾದರೆ ಕಡ್ಡಿ ಗಿಡ್ಡವಾಗಿದೆ, ಉದ್ದ ಮಾಡಬೇಕು. ನಲವತ್ತರಲ್ಲಿ ಹೆಚ್ಚು ಎಂದಾದರೆ ಉದ್ದವಾಗಿದೆ, ಗಿಡ್ಡ ಮಾಡಬೇಕು. ನಿಮ್ಮದರಂತೆ ಎಲ್ಲ ಕಡೆಯೂ ಸಮನಾಗಿ ಏರಿದ್ದರೆ ಬುಡದ ಲೋಹ ವಾಹನದ ಮೈಯೊಂದಿಗೆ ಸೇರಿಲ್ಲ, ಇಲ್ಲವೇ ಎಲ್ಲೋ ಶಾರ್ಟ್ ಆಗಿದೆ, ಇಲ್ಲವೇ ಕೇಬಲ್ ಕೆಟ್ಟಿದೆ ಎಂದೇ ಅರ್ಥ.

ನನ್ನ ಅನುಮಾನ ಮೊದಲು ಹೋಗುವುದು ಚೌಕಟ್ಟಿನ ಕೀಲಿನ ಮೇಲೆ. ತೆರೆದು ಮುಚ್ಚುವ ಕೀಲಿನಲ್ಲಿ ಗ್ರೀಸು, ಬಣ್ಣ, ಕೆಲವೊಮ್ಮೆ ನೈಲಾನ್ ಬುಷ್ ಇರುತ್ತವೆ. ನೋಡಲು ಕಬ್ಬಿಣಕ್ಕೆ ಕಬ್ಬಿಣ ತಾಗಿದಂತಿದ್ದರೂ ವಿದ್ಯುತ್ತಿನ ಪಾಲಿಗೆ ಚೌಕಟ್ಟು ಬೇರೆ, ವಾಹನ ಬೇರೆ. ರೇಡಿಯೊದಿಂದ ಕೇಬಲ್ ಬಿಚ್ಚಿ, ಮಲ್ಟಿಮೀಟರಿನ ಒಂದು ಮೊನೆಯನ್ನು ಆ್ಯಂಟೆನಾದ ಬ್ರಾಕೆಟ್ಟಿಗೂ ಇನ್ನೊಂದನ್ನು ಚಾಸಿಯ ಬಣ್ಣವಿಲ್ಲದ ಬೋಲ್ಟಿಗೂ ಹಿಡಿಯಿರಿ. ಸೊನ್ನೆಗೆ ತೀರ ಹತ್ತಿರದ ಓಮ್ ಬರಬೇಕು. ಬಾರದಿದ್ದರೆ, ಅಥವಾ ಚೌಕಟ್ಟನ್ನು ಅಲ್ಲಾಡಿಸಿದಾಗ ಅಂಕಿ ಕುಣಿಯುತ್ತಿದ್ದರೆ, ಚೌಕಟ್ಟಿನಿಂದ ವಾಹನದ ಮೈಗೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಸಾಧ್ಯವಾದಷ್ಟು ಗಿಡ್ಡವಾಗಿ ಬಿಗಿಯಿರಿ. ಸಾಮಾನ್ಯ ವೈರಿಗಿಂತ ಅಗಲವಾದ ಹೆಣೆದ ಪಟ್ಟಿಯೇ ಬೇಕು: ಈ ಆವರ್ತನದ ವಿದ್ಯುತ್ ಲೋಹದ ಮೇಲ್ಮೈಯಲ್ಲಿಯೇ ಹರಿಯುತ್ತದೆ, ಅಗಲವಿದ್ದಷ್ಟೂ ಅದಕ್ಕೆ ದಾರಿ ಸುಗಮ. ಬ್ರಾಕೆಟ್ ಕೂರುವ ಜಾಗದಲ್ಲಿಯೂ ಪಟ್ಟಿಯ ಎರಡು ತುದಿಗಳಲ್ಲಿಯೂ ಬಣ್ಣವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ಹಲ್ಲುಗಳುಳ್ಳ ವಾಷರ್ ಹಾಕಿ ಬಿಗಿದು, ಆನಂತರ ಹೊರಗಿನಿಂದ ಬಣ್ಣ ಅಥವಾ ಗ್ರೀಸು ಸವರಿ ತುಕ್ಕು ಹಿಡಿಯದಂತೆ ನೋಡಿಕೊಳ್ಳಿ. ಮಾರುಕಟ್ಟೆಯ ಹೆಚ್ಚಿನ ಬ್ರಾಕೆಟ್ಟುಗಳಿಗೆ ಪೌಡರ್ ಕೋಟಿಂಗ್ ಇರುತ್ತದೆ, ಅದು ಸೊಗಸಾದ ಅವಾಹಕ.

ಇದೆಲ್ಲ ಸರಿಯಿದ್ದರೆ ಬುಡದ ಬೋಲ್ಟನ್ನು ಬಿಚ್ಚಿ ನೋಡಿ. ಅಲ್ಲಿ ಕಡ್ಡಿಯನ್ನು ಬ್ರಾಕೆಟ್ಟಿನಿಂದ ಬೇರ್ಪಡಿಸುವ ನೈಲಾನ್ ವಾಷರ್ ಇರುತ್ತದೆ. ಅದರ ಗಿಡ್ಡ ಕುತ್ತಿಗೆ ಬ್ರಾಕೆಟ್ಟಿನ ರಂಧ್ರದೊಳಗೆ ಕೂರಬೇಕು. ಅದನ್ನು ತಲೆಕೆಳಗಾಗಿ ಹಾಕಿದರೆ ಬೋಲ್ಟು ರಂಧ್ರದ ಅಂಚಿಗೆ ತಾಗಿ ಶಾರ್ಟ್ ಆಗುತ್ತದೆ. ಕೇಬಲ್ಲಿನ ತುದಿಯಲ್ಲಿ ನಡುವಿನ ಪಿನ್ನಿಗೂ ಹೊರಕವಚಕ್ಕೂ ಮಲ್ಟಿಮೀಟರ್ ಹಿಡಿದಾಗ ಹೆಚ್ಚಿನ ಫೈಬರ್‌ಗ್ಲಾಸ್ ಕಡ್ಡಿಗಳಲ್ಲಿ ಸಂಪರ್ಕ ಕಾಣಬಾರದು. ಕೆಲವು ಬುಡ-ಸುರುಳಿಯ ಆ್ಯಂಟೆನಾಗಳಲ್ಲಿ ವಿನ್ಯಾಸವೇ ಹಾಗಿರುವುದರಿಂದ ಸಂಪರ್ಕ ಕಾಣುತ್ತದೆ. ಅದನ್ನು ದೋಷವೆಂದು ತಿಳಿಯಬೇಡಿ.

ಸರಿಪಡಿಸಿದ ಮೇಲೆ ಮತ್ತೆ ಅಳೆಯುವಾಗ ವಾಹನವನ್ನು ಕಟ್ಟಡ, ಮರ, ಬೇರೆ ವಾಹನಗಳಿಂದ ದೂರವಾದ ಬಯಲಿಗೆ ಒಯ್ಯಿರಿ, ಬಾಗಿಲುಗಳನ್ನೂ ಬಾನೆಟ್ಟನ್ನೂ ಮುಚ್ಚಿ, ಯಾರೂ ವಾಹನಕ್ಕೆ ಒರಗಿ ನಿಲ್ಲದಂತೆ ನೋಡಿಕೊಳ್ಳಿ. ಬುಡಕ್ಕೆ ಸ್ಪ್ರಿಂಗ್ ಸೇರಿಸುವ ಯೋಚನೆಯಿದ್ದರೆ ಅದನ್ನು ಅಳೆಯುವ ಮೊದಲೇ ಸೇರಿಸಿ, ಏಕೆಂದರೆ ಸ್ಪ್ರಿಂಗ್ ಕೂಡ ಆ್ಯಂಟೆನಾದ ಉದ್ದಕ್ಕೆ ಕೂಡುತ್ತದೆ. ಚಾನೆಲ್ 1, 20 ಮತ್ತು 40ರಲ್ಲಿ 2ಕ್ಕಿಂತ ಕೆಳಗಿದ್ದರೆ ನಿಶ್ಚಿಂತೆಯಿಂದ ಬಳಸಬಹುದು. 1.5ರ ಕೆಳಗೆ ಬಂದರೆ ಅದಕ್ಕಿಂತ ಇಳಿಸಲು ಶ್ರಮಪಡುವ ಅಗತ್ಯವಿಲ್ಲ.

ಪ್ರಶ್ನೆ: ನನ್ನ ವಾಹನದ ಛಾವಣಿ ಫೈಬರ್‌ಗ್ಲಾಸಿನದು, ಬೇಸಿಗೆಯಲ್ಲಿ ಅದನ್ನು ತೆಗೆದು ಕ್ಯಾನ್ವಾಸ್ ಹೊದಿಸುತ್ತೇನೆ. ಅಯಸ್ಕಾಂತದ ಬುಡವಿರುವ ಆ್ಯಂಟೆನಾ ಬಳಸಬಹುದೇ?

ಉತ್ತರ: ಛಾವಣಿಯ ಮೇಲೆ ಬಳಸುವಂತಿಲ್ಲ. ಅಯಸ್ಕಾಂತ ಅಲ್ಲಿ ಅಂಟುವುದೂ ಇಲ್ಲ, ಅಂಟಿಸುವ ಉಪಾಯ ಕಂಡುಕೊಂಡರೂ ಕೆಳಗೆ ಲೋಹವಿಲ್ಲದ್ದರಿಂದ ಉಳಿದರ್ಧ ಆ್ಯಂಟೆನಾ ಕಾಣೆಯಾಗಿರುತ್ತದೆ. ಬಾನೆಟ್ ಉಕ್ಕಿನದಾಗಿದ್ದರೆ ಅದರ ಮೇಲೆ ಇಡಬಹುದು. ಅಯಸ್ಕಾಂತದ ಬುಡ ಬಣ್ಣವನ್ನು ಕೆರೆಯದೆಯೇ ಕೆಲಸ ಮಾಡುತ್ತದೆ; ಬುಡದ ತಟ್ಟೆಯೂ ಕೆಳಗಿನ ಉಕ್ಕೂ ನಡುವೆ ಬಣ್ಣದ ಪದರವನ್ನಿಟ್ಟುಕೊಂಡು ಕೆಪಾಸಿಟರಿನಂತೆ ವರ್ತಿಸಿ, ನೇರ ಸ್ಪರ್ಶವಿಲ್ಲದೆಯೂ ಈ ಆವರ್ತನದ ವಿದ್ಯುತ್ತನ್ನು ದಾಟಿಸುತ್ತವೆ. ರಸ್ತೆಯ ಪ್ರಯಾಣಕ್ಕೆ, ಜಾಗಗಳನ್ನು ಪ್ರಯೋಗಿಸಿ ನೋಡುವುದಕ್ಕೆ ಅದು ಬಹಳ ಉಪಯುಕ್ತ. ಆದರೆ ಕಾಡುದಾರಿಯಲ್ಲಿ ಒಂದು ಗಟ್ಟಿ ಕೊಂಬೆ ತಾಗಿದರೆ ಬುಡಸಮೇತ ಕಿತ್ತು ಬರುತ್ತದೆ, ಅಡಿಯಲ್ಲಿ ಸಿಕ್ಕ ಮರಳು ಬಣ್ಣವನ್ನು ಗೀರುತ್ತದೆ. ಅಲ್ಯೂಮಿನಿಯಂ ಬಾನೆಟ್ ಆದರೆ ಅದು ನಿಲ್ಲುವುದೇ ಇಲ್ಲ.

ನಿಮ್ಮಂಥ ವಾಹನದಲ್ಲಿ ಲೋಹವಿರುವುದು ಸೊಂಟದ ಮಟ್ಟದವರೆಗೆ. ಆದ್ದರಿಂದ ನಾನು ಶಾಶ್ವತ ಬ್ರಾಕೆಟ್ಟನ್ನು ಬಾನೆಟ್ಟಿನ ಪಕ್ಕದಲ್ಲಿ ಅಥವಾ ಹಿಂದಿನ ಮೂಲೆಯ ಮೈಗೆ ಬಿಗಿಯಲು ಹೇಳುತ್ತೇನೆ. ಫೈಬರ್‌ಗ್ಲಾಸ್ ಛಾವಣಿ ಅಲೆಗೆ ಅಡ್ಡಿಯಾಗುವುದಿಲ್ಲವಾದ್ದರಿಂದ ಕಡ್ಡಿ ಅದನ್ನು ಬಹಳ ದಾಟಬೇಕಾಗಿಲ್ಲ. ಆದರೆ ಛಾವಣಿಯ ಕೆಳಗೆ ಉಕ್ಕಿನ ರೋಲ್ ಬಾರ್ (ವಾಹನ ಮಗುಚಿದರೆ ಒಳಗಿನವರನ್ನು ಕಾಯುವ ಕೊಳವೆ ಚೌಕಟ್ಟು) ಇದ್ದರೆ ಅದರಿಂದ ಕನಿಷ್ಠ 30 ಸೆಂಟಿಮೀಟರ್ ದೂರವಿರಲಿ. ಲೋಹವೇ ಇಲ್ಲದ ವಾಹನಗಳಿಗಾಗಿ ಗ್ರೌಂಡ್ ಪ್ಲೇನ್ ಬೇಡದ ಆ್ಯಂಟೆನಾ ಕಿಟ್ಟುಗಳೂ ಇವೆ. ಅವುಗಳಲ್ಲಿ ಕಡ್ಡಿ, ಬುಡ, ಕೇಬಲ್ ಮೂರೂ ಒಂದಕ್ಕೊಂದು ಹೊಂದಿಸಿ ಬಂದಿರುತ್ತವೆ. ಕೇಬಲ್ಲನ್ನು ಕತ್ತರಿಸಿದರೆ ಅಥವಾ ಸಾಮಾನ್ಯ ಕೇಬಲ್ಲಿಗೆ ಬದಲಿಸಿದರೆ ಹೊಂದಿಕೆ ತಪ್ಪುತ್ತದೆ. ನಿಮಗೆ ಆ ಕಿಟ್ಟಿನ ಅಗತ್ಯವಿಲ್ಲ.

ಪ್ರಶ್ನೆ: ದೊಡ್ಡ ಲಾರಿಗಳಲ್ಲಿರುವಂತೆ ಎರಡೂ ಬದಿಗೆ ಒಂದೊಂದು ಆ್ಯಂಟೆನಾ ಹಾಕಿದರೆ ದೂರ ಹೆಚ್ಚುತ್ತದೆಯೇ?

ಉತ್ತರ: ಇಲ್ಲ. ಎರಡು ಕಡ್ಡಿಗಳು ಪರಸ್ಪರ ನೆರವಾಗಬೇಕಾದರೆ ಅವುಗಳ ನಡುವೆ ಕಾಲು ಅಲೆಯಷ್ಟು, ಎಂದರೆ ಸುಮಾರು 2.7 ಮೀಟರ್ ಅಂತರ ಬೇಕೆಂಬುದು ಸಾಮಾನ್ಯ ಲೆಕ್ಕ. ನಿಮ್ಮ ವಾಹನದ ಪೂರ್ಣ ಅಗಲವೂ ಅಷ್ಟಿರುವುದಿಲ್ಲ. ಜೋಡಿ ಕಡ್ಡಿಗಳಿಗೆ 50 ಓಮ್‌ನ ಸಾಮಾನ್ಯ ಕೇಬಲ್ ಸಾಲದು, 75 ಓಮ್‌ನ ಜೋಡಿ ಕೇಬಲ್ ಬೇಕು, ಎರಡನ್ನೂ ಒಟ್ಟಿಗೆ ಹೊಂದಿಸಬೇಕು. ಆ ಖರ್ಚಿನಲ್ಲಿ ಒಂದೇ ಕಡ್ಡಿಯನ್ನು ಸ್ವಲ್ಪ ಉದ್ದದ್ದನ್ನಾಗಿ ಕೊಳ್ಳಿ.

ಪ್ರಶ್ನೆ: ಛಾವಣಿಯ ಕ್ಯಾರಿಯರಿನಲ್ಲಿ ಎಲ್‌ಇಡಿ ಲೈಟ್ ಬಾರ್ ಪಕ್ಕದಲ್ಲಿಯೇ ಆ್ಯಂಟೆನಾ ಇದೆ. ದೀಪ ಹಾಕಿದೊಡನೆ ರೇಡಿಯೊ ಭೋರ್ಗರೆಯುತ್ತದೆ. ಕೇಬಲ್ ಉದ್ದವಾಗಿದ್ದರಿಂದ ಉಳಿದದ್ದನ್ನು ಸುರುಳಿ ಸುತ್ತಿ ಸೀಟಿನ ಕೆಳಗೆ ಕಟ್ಟಿದ್ದೇನೆ. ಕಾರಣ ಅದೇ ಇರಬಹುದೇ?

ಉತ್ತರ: ಕಾರಣ ದೀಪವೇ. ಎಲ್‌ಇಡಿಗೆ ವಿದ್ಯುತ್ ಹೊಂದಿಸಿ ಕೊಡುವ ಸ್ವಿಚಿಂಗ್ ಮಂಡಲ ರೇಡಿಯೊ ಅಲೆಗಳ ಗದ್ದಲವನ್ನೂ ಹೊರಸೂಸುತ್ತದೆ. ಆ್ಯಂಟೆನಾವನ್ನು ಕ್ಯಾರಿಯರಿನ ವಿರುದ್ಧ ತುದಿಗೆ ಒಯ್ಯಿರಿ, ದೀಪದ ವೈರುಗಳು ಆ್ಯಂಟೆನಾದ ಕೇಬಲ್ಲಿನ ಜೊತೆಯಲ್ಲಿ ಸಾಗದಂತೆ ಬೇರೆ ಬದಿಯಿಂದ ಇಳಿಸಿ, ವೈರುಗಳಿಗೆ ದೀಪದ ಬಳಿಯಲ್ಲಿಯೇ ಗದ್ದಲ ತಡೆಯುವ ಫೆರೈಟ್ ಉಂಗುರ ಹಾಕಿ. ರೇಡಿಯೊಕ್ಕೆ ವಿದ್ಯುತ್ತನ್ನು ಫ್ಯೂಸ್ ಮೂಲಕ ನೇರವಾಗಿ ಬ್ಯಾಟರಿಯಿಂದಲೇ ತೆಗೆದುಕೊಳ್ಳಿ. ಇದರ ಜೊತೆಗೆ ಕ್ಯಾರಿಯರ್ ವಾಹನದ ಮೈಗೆ ನಿಜವಾಗಿ ಸೇರಿದೆಯೇ ಎಂಬುದನ್ನೂ ಪರೀಕ್ಷಿಸಿ, ಏಕೆಂದರೆ ಹೆಚ್ಚಿನ ಕ್ಯಾರಿಯರುಗಳು ರಬ್ಬರ್ ಪಾದಗಳ ಮೇಲೆ ನಿಂತಿರುತ್ತವೆ. ಮೇಲೆ ಹೇಳಿದ ಹೆಣೆದ ಪಟ್ಟಿಯೇ ಅದಕ್ಕೂ ಪರಿಹಾರ.

ಉಳಿದ ಕೇಬಲ್ಲನ್ನು ಬಿಗಿಯಾದ ಸಣ್ಣ ಸುರುಳಿಯಾಗಿ ಸುತ್ತುವುದಕ್ಕಿಂತ ಉದ್ದುದ್ದ ಮಡಿಕೆಗಳಾಗಿ ಸಡಿಲವಾಗಿ ಇಡುವುದು ಲೇಸು. ಅದಕ್ಕಿಂತ ಮುಖ್ಯವಾಗಿ ಬಾಗಿಲಿನ ಸಂದಿನಲ್ಲಿ ಕೇಬಲ್ ಜಜ್ಜಿಹೋಗದಂತೆ ನೋಡಿಕೊಳ್ಳಬೇಕು. ಜಜ್ಜಿದ ಕೇಬಲ್ಲಿನೊಳಗೆ ನಡುತಂತಿ ಹೊರಜಾಲರಿಯ ಕಡೆಗೆ ಸರಿದು, ದಿನ ಕಳೆದಂತೆ ತೇವ ಸೇರಿ, ಕಾರಣವೇ ತಿಳಿಯದಂತೆ ದೂರ ಕುಗ್ಗುತ್ತಾ ಹೋಗುತ್ತದೆ.

ಪ್ರಶ್ನೆ: ದಟ್ಟ ಪೊದೆಗಳನ್ನು ಹಾಯುವಾಗ ಆ್ಯಂಟೆನಾವನ್ನು ಬಾಗಿಸಿ ಕಟ್ಟಿಕೊಂಡು ಹೋಗಬಹುದೇ?

ಉತ್ತರ: ಉಕ್ಕಿನ ಕಡ್ಡಿಯಾದರೆ ಬುಡಕ್ಕೆ ಸ್ಪ್ರಿಂಗ್ ಹಾಕಿ, ನೈಲಾನ್ ಹಗ್ಗದಿಂದ ಬಾಗಿಸಿ ಕಟ್ಟಬಹುದು, ಲೋಹದ ತಂತಿಯಿಂದ ಕಟ್ಟಬಾರದು. ಫೈಬರ್‌ಗ್ಲಾಸ್ ಕಡ್ಡಿಯನ್ನು ಬಾಗಿಸದೆ, ತಿರುವಿ ಬಿಚ್ಚುವ ಜೋಡಣೆಯಿಂದ ಕಳಚಿ ಒಳಗಿಟ್ಟುಕೊಳ್ಳಿ, ಕಳಚಿರುವಾಗ ಮಾತನಾಡಬೇಡಿ. ಬಾಗಿಸಿ ಕಟ್ಟಿರುವಾಗ ತುದಿ ವಾಹನದ ಮೈಗೆ ತಾಗುತ್ತಿದ್ದರೆ ಆಗಲೂ ಮೈಕಿನ ಗುಂಡಿ ಒತ್ತಬೇಡಿ. ಪ್ರಸಾರವಾಗುತ್ತಿರುವಾಗ ಕಡ್ಡಿಯ ತುದಿಯಲ್ಲಿ ವೋಲ್ಟೇಜ್ ಅತಿ ಹೆಚ್ಚಿರುವುದರಿಂದ ಬರಿಗೈಯಿಂದ ಮುಟ್ಟಿದರೆ ಚರ್ಮ ಸುಡುತ್ತದೆ. ಹೊರಗೆ ನಿಂತು ದಾರಿ ತೋರಿಸುವ ಜೊತೆಗಾರರಿಗೂ ಇದನ್ನು ತಿಳಿಸಿ. ಕಾಡಿನ ಅಂಚಿನಲ್ಲಿ ವಿದ್ಯುತ್ ತಂತಿಗಳು ಜೋತುಬಿದ್ದಿರುವ ಕಡೆಗಳಲ್ಲಿ ಕಡ್ಡಿಯ ತುದಿಯವರೆಗಿನ ಒಟ್ಟು ಎತ್ತರ ನಿಮಗೆ ಮೊದಲೇ ಗೊತ್ತಿರಬೇಕು. ನೆಲದಿಂದ ತುದಿಯವರೆಗೆ ಅಳತೆ ಹಿಡಿದು, ಆ ಅಂಕಿಯನ್ನು ಡ್ಯಾಶ್‌ಬೋರ್ಡಿನಲ್ಲಿ ಕಣ್ಣಿಗೆ ಬೀಳುವಂತೆ ಬರೆದು ಅಂಟಿಸಿ.